ನಿದ್ರೆಗೆ ಮೀಸಲಾದ ಜಾಗ

ಸಂಸಾರವೆಂದ ಮೇಲೆ ಸಾಮಾನು. ಸಾಮಾನು ಎಂದ ಮೇಲೆ ಅದನ್ನಿಡಲು ಜಾಗ ಸಾಲದೆಂಬ ದೂರು. ಇದು ಇಂದು ನಿನ್ನೆಯ ಮಾತಲ್ಲ. ಅಟ್ಟ ತುಂಬಿದರೆ ಮಂಚದ ಕೆಳಗೆ, ಅಲ್ಲಿಯೂ ತುಂಬಿದರೆ ಬೀರುವಿನ ಮೇಲೆ, ಅದೂ ತುಂಬಿದರೆ ತವರುಮನೆಗೆ, ಹೀಗೆ ನಮ್ಮ ಗೃಹಿಣಿಯರು ತಲೆಮಾರುಗಳಿಂದಲೂ ಸ್ಥಳ ಹೊಂದಿಸುತ್ತ ಬಂದಿದ್ದಾರೆ. ಈಚಿನ ವರ್ಷಗಳಲ್ಲಿ ಮನೆಮನೆಗೂ ಇನ್ನೊಂದು ಅಟ್ಟ ಬಂದು ಸೇರಿದೆ. ಅದೇ ಕಂಪ್ಯೂಟರಿನ ಡಿಸ್ಕು. ಈ ಅಟ್ಟ ತುಂಬಿತೆಂದು ತಿಳಿಸಲು ತಪ್ಪಲೆಯೊಂದು ತಲೆಯ ಮೇಲೆ ಉರುಳಿ ಬೀಳಬೇಕಾಗಿಲ್ಲ. ಪರದೆಯ ಮೇಲೆ ಕೆಂಪು ಪಟ್ಟಿಯೊಂದು ಮೂಡಿ, "ಇನ್ನು ನನ್ನ ಕೈಯಲ್ಲಾಗದು" ಎಂದು ಮೌನವಾಗಿ ಸಾರುತ್ತದೆ. ಆಗ ಮನೆಯವರೆಲ್ಲರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಏನನ್ನು ತೆಗೆದುಹಾಕುವುದು?

ಕಳೆದ ಬೇಸಗೆಯಲ್ಲಿ ವಾಡಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿದ್ದಾಗ ಈ ಪ್ರಶ್ನೆ ನಮ್ಮ ಮುಂದೆಯೂ ಬಂದು ನಿಂತಿತು. ಭಾವನವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ವಾಡಿ ಎಂಬುದು ಮುಂಬಯಿಯಿಂದ ಚೆನ್ನೈಗೆ ಸಾಗುವ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವ ಜಂಕ್ಷನ್ನು. ಆ ಕವಲು ೧೮೭೪ರಷ್ಟು ಹಳೆಯದು. ಅಲ್ಲಿ ಕಳೆದ ಹಗಲಿರುಳುಗಳ ನೆನಪನ್ನು ಮೊಮ್ಮಕ್ಕಳಿಗಾಗಿ ಬರೆದಿಡಬೇಕೆಂದು ಭಾವನವರು ದಿನವೂ ಬೆಳಗಿನ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕುಳಿತುಕೊಳ್ಳುತ್ತಾರೆ. ಆ ಲ್ಯಾಪ್‌ಟಾಪು ನನ್ನ ಸೋದರಳಿಯನ ಕಾಲೇಜಿನ ದಿನಗಳಲ್ಲಿ ಕೊಂಡದ್ದು. ಅವನಿಗೆ ಹೊಸದು ಬಂದ ಮೇಲೆ ಹಳೆಯದು ತಂದೆಯ ಪಾಲಿಗೆ ಬಂದಿತು. ಹಿಂದೆ ಕೋಟು, ಕೊಡೆ, ಸೈಕಲ್ಲುಗಳು ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದವು. ಈಗ ಯಂತ್ರಗಳು ಮಗನಿಂದ ತಂದೆಗೆ ಏರಿ ಬರುತ್ತಿವೆ. ಕಾಲಧರ್ಮ!

ಒಂದು ದಿನ ಎಲ್ಲರೂ ನಾಲವಾರದ ಮಾರ್ಗವಾಗಿ ಸನ್ನತಿಗೆ ಹೋಗಿ ಬಂದೆವು. ಭೀಮಾನದಿಯ ದಂಡೆಯಲ್ಲಿರುವ ಚಂದ್ರಲಾಂಬೆ ನಮ್ಮ ಮನೆದೇವರು. ನಮ್ಮ ಅವ್ವ ತೀರಿಕೊಂಡು ಎರಡು ವರ್ಷಗಳಾದವು. ಅವಳು ಕಡೆಯ ಬಾರಿ ಊರು ಬಿಟ್ಟು ಹೊರಟದ್ದೂ ಈ ದೇವಿಯ ದರ್ಶನಕ್ಕೇ. ಗುಡಿಯಲ್ಲಿ ಕೈಮುಗಿದು, ಸಮೀಪದ ಕನಗನಹಳ್ಳಿಗೂ ಹೋದೆವು. ೧೯೯೪ರಿಂದ ಮುಂದಿನ ವರ್ಷಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಗೆದು ತೆಗೆದ ಬೌದ್ಧ ಮಹಾಸ್ತೂಪವಿರುವ ಸ್ಥಳವದು. ಸುಣ್ಣದ ಕಲ್ಲಿನ ಶಿಲ್ಪಫಲಕಗಳಲ್ಲೊಂದರ ಮೇಲೆ ರಾಜನೊಬ್ಬನು ರಾಣಿಯೊಡನೆ ನಿಂತಿದ್ದಾನೆ. ಅವನು ಯಾರೆಂಬುದನ್ನು 'ರಾಯೋ ಅಸೋಕೋ' ಎಂಬ ಬ್ರಾಹ್ಮಿ ಅಕ್ಷರಗಳು ಹೇಳುತ್ತವೆ. ಅಶೋಕನ ಹೆಸರನ್ನೇ ಹೊತ್ತ ಇಂಥ ಶಿಲ್ಪ ದೊರೆತದ್ದು ನಮ್ಮ ಕಲಬುರಗಿ ಜಿಲ್ಲೆಯ ಭಾಗ್ಯವೆನ್ನಬೇಕು. ಅಳಿಯನು ಹೆಜ್ಜೆ ಹೆಜ್ಜೆಗೂ ಚಿತ್ರ ತೆಗೆದನು. ಸೇಡಂ, ಚಿಂಚೋಳಿಗಳಲ್ಲಿರುವ ನೆಂಟರಿಗೆಲ್ಲ ಕಳುಹಿಸಬೇಕೆಂದು ಅಕ್ಕನ ಅಪ್ಪಣೆಯಾಗಿದ್ದಿತು.

ಸಂಜೆ ಮನೆಗೆ ಬಂದು, ಫೋನಿನಲ್ಲಿದ್ದ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಇಳಿಸಲು ಕುಳಿತಾಗ ತೊಡಕು ಕಾಣಿಸಿಕೊಂಡಿತು. ಸ್ವಲ್ಪ ಹೊತ್ತು ಸಾಗಿದ ಕೆಲಸ ನಿಂತುಹೋಯಿತು.

"ಮಾಮಾ, ಇದರಾಗ ಜಾಗಾನೇ ಇಲ್ಲ," ಎಂದನು ಅಳಿಯ. "ಅಜ್ಜೀವು ಹಳೀ ಫೋಟೋ ಭಾಳ ಅದಾವ. ಎಲ್ಲಾ ಒಂದೇ ಥರಾ ಕಾಣಸ್ತಾವ. ಅರ್ಧಾ ತೆಗದು ಬಿಡಲೇನು?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನೂ ಆಡಲಿಲ್ಲ. ಹುಡುಗನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವ್ವ ಗುಡಿಯ ಕಟ್ಟೆಯ ಮೇಲೆ ಕುಳಿತಿರುವ ಹತ್ತು ಚಿತ್ರಗಳು ಹೊರಗಿನವರಿಗೆ ಒಂದೇ ಬಗೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಒಂದರಲ್ಲಿ ಅವಳು ಸೆರಗು ಸರಿಪಡಿಸಿಕೊಳ್ಳುತ್ತಿದ್ದಾಳೆ, ಇನ್ನೊಂದರಲ್ಲಿ ಚಿತ್ರ ತೆಗೆಯುವವನನ್ನು ಗದರಿಸುತ್ತಿದ್ದಾಳೆ ಎಂಬುದು ಮಕ್ಕಳಾದ ನಮಗಷ್ಟೆ ಗೊತ್ತು.

ಭಾವನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಡೀಪಾ," ಎಂದರು. "ಮುಂಜಾನಿ ಸನ್ನತಿಯೊಳಗ ಕಲ್ಲಿನ ಕಥಿ ಕೇಳಿ ಬಂದೀದಿ. ಆ ಕಲ್ಲು ಕೊರದಾವನೂ ಹಿಂಗ ಅಂದಿರಬೇಕು, ಇದೇನು ಉಪಯೋಗ ಇಲ್ಲದ್ದು ಅಂತ."

ಕಲ್ಲಿನ ಕಥೆಯನ್ನು ವಾಚಕರಿಗೂ ಹೇಳಬೇಕು. ೧೯೮೬ರಲ್ಲಿ ಸನ್ನತಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದುಬಿತ್ತು. ಆಗ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಹಾಸುಗಲ್ಲಿನ ಮೇಲೆ ಅಕ್ಷರಗಳಿರುವುದು ಬೆಳಕಿಗೆ ಬಂತು. ಓದಿ ನೋಡಿದರೆ ಅಶೋಕ ಚಕ್ರವರ್ತಿಯ ಶಾಸನ! ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಕಲ್ಲಿನ ಎರಡು ಮುಖಗಳಲ್ಲೂ ಬರೆಹ. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು ಹಾಗೂ ಒಡಿಶಾದ ಧೌಲಿ, ಜೌಗಡಗಳಲ್ಲಿ ಕಾಣುವ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿದ್ದವು. ಆದರೆ ಎಂದೋ ಒಂದು ಕಾಲದಲ್ಲಿ ಯಾರೋ ಒಬ್ಬರು ವಿಗ್ರಹವನ್ನು ನಿಲ್ಲಿಸಲೋಸುಗ ಆ ಕಲ್ಲಿನ ನಡುವೆ ಚೌಕವಾದ ಕುಳಿಯೊಂದನ್ನು ಕೊರೆದುಬಿಟ್ಟಿದ್ದರು. ಆ ಕುಳಿಯಲ್ಲಿದ್ದ ಅಕ್ಷರಗಳು ಹೋದವು. ಕೊರೆದವರು ಭಕ್ತರೇ, ಅವರಿಗೆ ಬೇಕಾಗಿದ್ದುದು ದೇವಿಗೊಂದು ಗಟ್ಟಿ ಪೀಠ. ಕಲ್ಲಿನ ಮೇಲಿನ ಗೀರುಗಳು ಅವರ ಕಣ್ಣಿಗೆ ಬರೆಹವಾಗಿಯೇ ಕಂಡಿರಲಾರವು. ಜಾಗ ಬೇಕಾದಾಗ ಮನುಷ್ಯನು ತನಗೆ ಓದಲು ಬಾರದ್ದನ್ನು ಮೊದಲು ಅಳಿಸುತ್ತಾನೆ.

ಅಳಿಯನು ಕೈ ಹಿಂದಕ್ಕೆ ತೆಗೆದನು. "ಹಂಗಾರ ಏನ್ ಮಾಡೋಣು?" ಎಂದನು.

ಮೊದಲು ಯಾವುದಕ್ಕೆ ಎಷ್ಟು ಜಾಗ ಹೋಗಿದೆ ಎಂದು ನೋಡೋಣವೆಂದೆ. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಎಂಬಲ್ಲಿ ಸ್ಟೋರೇಜ್ ಎಂಬುದನ್ನು ಒತ್ತಿದರೆ ಲೆಕ್ಕದ ಪುಸ್ತಕ ತೆರೆದಂತಾಗುತ್ತದೆ. ಡಿಸ್ಕಿನ ಪೆಟ್ಟಿಗೆಯ ಮೇಲೆ ೧೨೮ ಜಿಬಿ ಎಂದು ಬರೆದಿದ್ದರೂ ಯಂತ್ರ ೧೧೯ ಎಂದೇ ತೋರಿಸಿತು. ಇದರಲ್ಲಿ ಅಂಗಡಿಯವನ ಮೋಸವಿಲ್ಲ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟುಗಳೆಂದು ಎಣಿಸುತ್ತಾರೆ; ವಿಂಡೋಸ್ ಅದಕ್ಕಿಂತ ಕೊಂಚ ದೊಡ್ಡ ಕೊಳಗದಲ್ಲಿ ಅಳೆಯುತ್ತದೆ. ಕೊಳಗ ದೊಡ್ಡದಾದರೆ ಕೊಳಗಗಳ ಸಂಖ್ಯೆ ಕಡಿಮೆಯಾಗುವುದು ಸಹಜ. ಇರಲಿ. ಆ ಪಟ್ಟಿಯಲ್ಲಿ 'ಸಿಸ್ಟಮ್ ಅಂಡ್ ರಿಸರ್ವ್ಡ್' ಎಂಬ ಸಾಲೊಂದುಂಟು. ಅದನ್ನು ಬಿಡಿಸಿ ನೋಡಿದಾಗ, ನಾವಾರೂ ಇಟ್ಟಿರದ ಗಂಟೊಂದು ಮೂಲೆಯಲ್ಲಿ ಕುಳಿತಿದ್ದುದು ಕಂಡಿತು. ಅದರ ಹೆಸರು ಹೈಬರ್ನೇಶನ್ ಫೈಲ್. ತೂಕ ೩.೨ ಜಿಬಿಯಷ್ಟು.

ಇದೇನೆಂದು ತಿಳಿಯಬೇಕಾದರೆ ಕಂಪ್ಯೂಟರಿನ ಎರಡು ಬಗೆಯ ನೆನಪುಗಳನ್ನು ತಿಳಿದಿರಬೇಕು. ಒಂದು ಡಿಸ್ಕು, ಇನ್ನೊಂದು ರ್‍ಯಾಮ್. ಡಿಸ್ಕು ಉಗ್ರಾಣದಂತೆ. ದೀಪ ಆರಿಸಿ ಬಾಗಿಲು ಹಾಕಿದರೂ ಒಳಗಿನ ತೊಗರಿ, ಜೋಳಗಳು ಇದ್ದಲ್ಲೇ ಇರುತ್ತವೆ. ರ್‍ಯಾಮ್ ಅಡುಗೆಮನೆಯ ಕಟ್ಟೆಯಂತೆ. ಈಗ ಮಾಡುತ್ತಿರುವ ಅಡುಗೆಗೆ ಬೇಕಾದದ್ದೆಲ್ಲ ಅದರ ಮೇಲೆ ಹರಡಿರುತ್ತದೆ: ಅರ್ಧ ಹೆಚ್ಚಿದ ಬದನೆಕಾಯಿ, ಅಳೆದಿಟ್ಟ ಹಿಟ್ಟು, ಬಿಚ್ಚಿದ ಮಸಾಲೆಯ ಡಬ್ಬಿ. ತೆರೆದಿಟ್ಟ ಕಾಗದ, ಓದುತ್ತಿರುವ ಪುಟ, ಇನ್ನೂ ಉಳಿಸದ ಸಾಲು, ಇವೆಲ್ಲ ಕಂಪ್ಯೂಟರಿನಲ್ಲಿ ಇರುವುದು ಈ ಕಟ್ಟೆಯ ಮೇಲೆ. ಇದಕ್ಕಿರುವ ದೌರ್ಬಲ್ಯವೊಂದೇ. ವಿದ್ಯುತ್ತು ಹರಿಯುತ್ತಿರುವವರೆಗೆ ಮಾತ್ರ ಅದರ ನೆನಪು. ಕರೆಂಟು ಹೋದೊಡನೆ ಕಟ್ಟೆ ಬರಿದು.

ಇನ್ನು ಯಂತ್ರದ ನಿದ್ರೆಗಳು. 'ಸ್ಲೀಪ್' ಎಂಬುದು ಕೋಳಿನಿದ್ದೆ. ಪರದೆ ಆರುತ್ತದೆ, ಸದ್ದಡಗುತ್ತದೆ. ಆದರೆ ರ್‍ಯಾಮಿಗೆ ಅಲ್ಪ ಪ್ರಮಾಣದ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಮುಟ್ಟಿದರೆ ಸಾಕು, ಎಚ್ಚರವಾಗಿ ಬಿಟ್ಟ ಕೆಲಸಕ್ಕೇ ಬಂದು ನಿಲ್ಲುತ್ತದೆ. 'ಹೈಬರ್ನೇಟ್' ಎಂಬುದು ಗಾಢನಿದ್ರೆ. ಶೀತದೇಶಗಳಲ್ಲಿ ಕೆಲವು ಪ್ರಾಣಿಗಳು ಚಳಿಗಾಲವನ್ನೆಲ್ಲ ಬಿಲದಲ್ಲಿ ಮಲಗಿ ಕಳೆಯುವುದುಂಟಲ್ಲ, ಆ ನಿದ್ರೆಯ ಹೆಸರೇ ಇದಕ್ಕೆ. ನಮ್ಮ ಕಡೆಯ ಬಿಸಿಲಿಗೆ ಕರಡಿಯ ಮಾತೇಕೆ? ಬೇಸಗೆಯಲ್ಲಿ ಕೆಸರಿನೊಳಗೆ ಹುದುಗಿ ಮೊದಲ ಮಳೆಗೆ ಮೇಲೇಳುವ ಕಪ್ಪೆಯನ್ನು ನೆನೆದರಾಯಿತು. ಹೈಬರ್ನೇಟ್ ಮಾಡಿದಾಗ ಯಂತ್ರವು ಕಟ್ಟೆಯ ಮೇಲಿದ್ದುದನ್ನೆಲ್ಲ ಇದ್ದಂತೆಯೇ ಒತ್ತಿ ಕಟ್ಟಿ, ಉಗ್ರಾಣದ ಒಂದು ಮೂಲೆಗೆ ಸಾಗಿಸುತ್ತದೆ. ಆಮೇಲೆ ಪೂರ್ತಿಯಾಗಿ ಆರಿಹೋಗುತ್ತದೆ. ಬ್ಯಾಟರಿ ತೀರಲಿ, ಕರೆಂಟು ಹೋಗಲಿ, ಚಿಂತೆಯಿಲ್ಲ. ಮತ್ತೆ ಚಾಲೂ ಮಾಡಿದಾಗ ಗಂಟು ಬಿಚ್ಚಿ ಎಲ್ಲವನ್ನೂ ಮೊದಲಿನಂತೆ ಕಟ್ಟೆಯ ಮೇಲೆ ಹರಡುತ್ತದೆ.

ಆ ಗಂಟನ್ನಿಡಲು ಮೂಲೆಯೊಂದು ಸದಾ ಖಾಲಿಯಿರಬೇಕು. ಸಮಯಕ್ಕೆ ಜಾಗ ಸಿಗದೆ ಹೋದೀತೆಂಬ ಮುಂದಾಲೋಚನೆಯಿಂದ ವಿಂಡೋಸ್ ಅದನ್ನು ಮೊದಲೇ ಕಾದಿರಿಸಿಕೊಳ್ಳುತ್ತದೆ. 'ಸಿ' ಎಂಬ ಡ್ರೈವಿನ ಬುಡದಲ್ಲಿಯೇ ಅದರ ವಾಸ. ಫೈಲಿನ ಹೆಸರು 'ಹೈಬರ್‌ಫಿಲ್‌ ಡಾಟ್ ಸಿಸ್'. ಸಾಮಾನ್ಯವಾಗಿ ಅದು ಕಣ್ಣಿಗೆ ಕಾಣದಂತೆ ಮರೆಯಾಗಿರುತ್ತದೆ. ವಿಂಡೋಸ್ ೭ರಲ್ಲಿ ರ್‍ಯಾಮಿನ ನೂರಕ್ಕೆ ೭೫ ಪಾಲಿನಷ್ಟು ಜಾಗ ಇದಕ್ಕೆ ಮೀಸಲಾಗುತ್ತಿತ್ತು. ವಿಂಡೋಸ್ ೧೦ ಮತ್ತು ೧೧ರಲ್ಲಿ ನೂರಕ್ಕೆ ೪೦ ಪಾಲು. ಸರಕನ್ನು ಒತ್ತಿ ಕಟ್ಟುವುದರಿಂದ ಪೂರ್ತಿ ರ್‍ಯಾಮಿನಷ್ಟು ಸ್ಥಳ ಬೇಕಾಗುವುದಿಲ್ಲ. ಅಂದರೆ ೮ ಜಿಬಿ ರ್‍ಯಾಮ್ ಇದ್ದರೆ ೩.೨ ಜಿಬಿ, ೧೬ ಇದ್ದರೆ ೬.೪, ೩೨ ಇದ್ದರೆ ೧೨.೮ ಜಿಬಿ ನಿದ್ರೆಯ ಲೆಕ್ಕಕ್ಕೆ ಹೋಗುತ್ತದೆ. ಮೆನುವಿನಲ್ಲಿ ಹೈಬರ್ನೇಟ್ ಎಂಬ ಮಾತೇ ಕಾಣದ ಯಂತ್ರಗಳಲ್ಲಿಯೂ ಈ ಮೀಸಲು ಇರುವುದುಂಟು. ನೆಂಟರೇ ಬಾರದ ಮನೆಯಲ್ಲಿ ನೆಂಟರ ಕೋಣೆಗೆ ಬೀಗ ಹಾಕಿ, ಮಕ್ಕಳನ್ನು ನಡುಮನೆಯಲ್ಲಿ ಒತ್ತೊತ್ತಾಗಿ ಮಲಗಿಸಿದಂತೆ.

೩.೨ ಜಿಬಿ ಎಂದರೆ ಎಷ್ಟು? ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೆ ೪ ಎಂಬಿ ಎಂದು ಹಿಡಿದರೆ ಸುಮಾರು ೮೦೦ ಚಿತ್ರಗಳ ಜಾಗ. ಸನ್ನತಿ, ಕನಗನಹಳ್ಳಿಗಳೆರಡೂ ಅದರಲ್ಲಿ ಅಡಗಿ, ಇನ್ನಷ್ಟು ಸ್ಥಳ ಮಿಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದುಂಟು. ಈ ಫೈಲಿನಲ್ಲಿ ಇರುವುದು ಶಾಸನವಲ್ಲ. ಯಂತ್ರ ಎಚ್ಚರವಾಗಿ ಎಲ್ಲವನ್ನೂ ಕಟ್ಟೆಗೆ ಮರಳಿಸಿದ ಮೇಲೆ ಆ ಗಂಟಿನ ಪ್ರಯೋಜನ ಮುಗಿಯಿತು. ಮುಂದಿನ ನಿದ್ರೆಗೆ ಅದೇ ಮೂಲೆಯಲ್ಲಿ ಹೊಸ ಗಂಟು. ಎಚ್ಚರವಾಗಿರುವ ಯಂತ್ರದಲ್ಲಿ ಅದನ್ನು ತೆಗೆದರೆ ಯಾರ ಮುಖವೂ, ಯಾರ ಮಾತೂ ಲೋಕದಿಂದ ಕಳೆದುಹೋಗುವುದಿಲ್ಲ. ಅವ್ವನ ಚಿತ್ರ ಒಮ್ಮೆ ಅಳಿದರೆ ಮತ್ತೆ ತೆಗೆಯಲು ಅವ್ವ ಬರುವಳೇ?

ಆದಕಾರಣ ಹೈಬರ್ನೇಶನ್ನನ್ನೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಫೈಲನ್ನು ಹುಡುಕಿ ಕೈಯಿಂದ ಅಳಿಸಹೊರಡುವುದು ಸರಿಯಾದ ಮಾರ್ಗವಲ್ಲ. ವಿಂಡೋಸ್ ಅದಕ್ಕೆ ಅಡ್ಡಬರುತ್ತದೆ. ಆ ಏರ್ಪಾಡನ್ನು ರದ್ದುಮಾಡಿದರೆ ಫೈಲು ತಾನಾಗಿಯೇ ಹೋಗುತ್ತದೆ. ಮಾಡಬೇಕಾದುದು ಇಷ್ಟೇ. ಮೊದಲು ತೆರೆದಿರುವ ಕೆಲಸಗಳನ್ನೆಲ್ಲ ಉಳಿಸಿಕೊಳ್ಳಿ. ಸ್ಟಾರ್ಟ್ ಒತ್ತಿ, ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಟೈಪು ಮಾಡಿದರೆ ಕಮಾಂಡ್ ಪ್ರಾಂಪ್ಟ್ ಎಂಬುದು ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂಬುದನ್ನು ಆರಿಸಬೇಕು. ಮನೆಯ ಯಜಮಾನಿಕೆಯ ಹಕ್ಕಿನಿಂದ ಕೊಟ್ಟ ಅಪ್ಪಣೆಯನ್ನಷ್ಟೆ ಯಂತ್ರ ಇಲ್ಲಿ ಪಾಲಿಸುತ್ತದೆ.

ತೆರೆದ ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಿಂದಲೇ 'ಪವರ್‌ಸಿಎಫ್‌ಜಿ' ಎಂದು ಬರೆಯಬೇಕು. ಪವರ್ ಎಂಬ ಪದದ ಐದು ಅಕ್ಷರಗಳು, ಅವಕ್ಕೆ ಅಂಟಿಕೊಂಡು ಸಿ, ಎಫ್, ಜಿ. ಬಳಿಕ ಒಂದು ತೆರಪು. ಪ್ರಶ್ನಾರ್ಥಕ ಚಿಹ್ನೆಯಿರುವ ಕೀಲಿಯಲ್ಲಿಯೇ ದೊರೆಯುವ ಓರೆಗೆರೆ. ಅದಕ್ಕೆ ಅಂಟಿದಂತೆ ಎಚ್ ಅಕ್ಷರ. ಮತ್ತೆ ಒಂದು ತೆರಪು. ಕಡೆಯಲ್ಲಿ 'ಆಫ್' ಎಂಬ ಪದ. ಎಂಟರ್ ಒತ್ತಿದರೆ ಮುಗಿಯಿತು. ಯಂತ್ರ 'ಆಗಲಿ' ಎಂದೂ ಹೇಳದೆ ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಕೆಲಸವಾಗಲಿಲ್ಲವೇನೋ ಎಂದು ಕಳವಳಪಡಬೇಕಾಗಿಲ್ಲ. ತಪ್ಪಾಗಿದ್ದರೆ ಅದು ಸುಮ್ಮನಿರುವ ಜಾತಿಯದಲ್ಲ. ಮುಂದೆ ಎಂದಾದರೂ ಹೈಬರ್ನೇಶನ್ ಬೇಕೆನಿಸಿದರೆ ಅದೇ ಸಾಲನ್ನು ಬರೆದು, ಕಡೆಯಲ್ಲಿ 'ಆಫ್' ಎಂಬುದಕ್ಕೆ ಬದಲಾಗಿ 'ಆನ್' ಎಂದರಾಯಿತು.

ಅಳಿಯನು ಎಂಟರ್ ಒತ್ತಿದನು. ಲೆಕ್ಕದ ಪಟ್ಟಿಯನ್ನು ಮತ್ತೆ ತೆರೆದು ನೋಡಿದರೆ ೩.೨ ಜಿಬಿ ಬಿಡುಗಡೆಯಾಗಿತ್ತು. ಸನ್ನತಿಯ ಚಿತ್ರಗಳೆಲ್ಲ ಇಳಿದವು. ಭಾವನವರಿಗೆ ಮುಚ್ಚಳ ಮುಚ್ಚಿ ಏಳುವ ಅಭ್ಯಾಸ. ಮುಚ್ಚಿದಾಗ ಯಂತ್ರ ಹೈಬರ್ನೇಟ್ ಆಗಲೆಂದು ಅಳಿಯ ಹಿಂದೆ ಏರ್ಪಡಿಸಿದ್ದನು. ಅದು ಇನ್ನು ಸಾಧ್ಯವಿಲ್ಲವಾದ್ದರಿಂದ 'ಸ್ಲೀಪ್' ಎಂದು ನಾನೇ ಬದಲಿಸಿಟ್ಟೆ. ಅಕ್ಕ ಎಲ್ಲರಿಗೂ ಚಹಾ ತಂದಳು. ದೊಡ್ಡ ಕಾರ್ಯ ಸಾಧಿಸಿದವನಂತೆ ಮರುದಿನ ಊರಿಗೆ ಮರಳಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ವಾರ ಅಂಕಣದಲ್ಲಿ ಬೆನ್ನು ತಟ್ಟಿಕೊಳ್ಳಬಹುದಿತ್ತು. ಹದಿನೈದು ದಿನಗಳ ತರುವಾಯ ಭಾವನವರಿಂದ ಫೋನು ಬಂತು. ಅಂದು ಬೆಳಿಗ್ಗೆ ಅವರು ತಮ್ಮ ನೆನಪಿನ ಬರೆಹದಲ್ಲಿ ಆರು ಪುಟ ಬರೆದಿದ್ದರು. ಅವರು ಬಳಸುವ ತಂತ್ರಾಂಶ ಹಳೆಯದು. ಬರೆದುದನ್ನು ತಾನಾಗಿ ಉಳಿಸಿಕೊಳ್ಳುವ ಗುಣ ಅದಕ್ಕಿಲ್ಲ. ವಾಡಿಕೆಯಂತೆ ಮುಚ್ಚಳ ಮುಚ್ಚಿ ಊಟಕ್ಕೆದ್ದರು. ಊಟ ಮಾಡಿ ಒಂದು ಗಳಿಗೆ ಮಲಗಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಮುದಿ ಬ್ಯಾಟರಿ ಕೋಳಿನಿದ್ದೆಗೆ ಬೇಕಾದ ಅಷ್ಟು ವಿದ್ಯುತ್ತನ್ನೂ ಹೆಚ್ಚು ಹೊತ್ತು ಕೊಡಲಾರದೆ ಕೈಬಿಟ್ಟಿತು. ಸಂಜೆ ತೆರೆದು ನೋಡಿದಾಗ ಆರು ಪುಟಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

ನನಗೆ ಮಾತೇ ಹೊರಡಲಿಲ್ಲ. ಚಿತ್ರಗಳನ್ನು ಉಳಿಸಹೋಗಿ ಬರೆಹವನ್ನು ಕಳೆದಂತಾಯಿತು. ಸನ್ನತಿಯ ಕಲ್ಲು ಕೊರೆದವನಿಗೂ ನನಗೂ ಏನು ವ್ಯತ್ಯಾಸ? ನನ್ನ ಕಣ್ಣಿಗೆ ಬರಿಯ ಖಾಲಿ ಮೂಲೆಯಾಗಿ ಕಂಡದ್ದು ಭಾವನವರ ದಿನಚರಿಯಲ್ಲಿ ಒಂದು ಕೆಲಸ ಮಾಡುತ್ತಿತ್ತು. ಅದು ಯಾವ ಕೆಲಸವೆಂದು ನಾನು ಅವರನ್ನು ಕೇಳಿಯೇ ಇರಲಿಲ್ಲ.

ಭಾವನವರು ಸಿಟ್ಟಾಗಲಿಲ್ಲ. ರೈಲ್ವೆಯವರ ಉಪಮಾನ ರೈಲ್ವೆಯದೇ. "ನೋಡ್ರಿ, ಸ್ಟೇಷನ್ನಿನಾಗ ಲೂಪ್ ಲೈನ್ ಅಂತ ಇರ್ತದ," ಎಂದರು. "ಭಾಳಷ್ಟು ಹೊತ್ತು ಖಾಲೀನೇ ಇರ್ತದ. ನೋಡಿದಾವರು ಇಷ್ಟು ಜಾಗಾ ಸುಮ್ನ ಯಾಕ ಬಿಟ್ಟಾರ ಅಂತಾರ. ಎದುರಿನಿಂದ ಇನ್ನೊಂದು ಗಾಡಿ ಬಂದಾಗ ಅದರ ಬೆಲಿ ತಿಳೀತದ. ಬ್ಯಾಡಾದಲ್ಲೆ ಕಿತ್ತರ ನಡೀತದ. ಆದರ ಟೈಮ್‌ಟೇಬಲ್ ನೋಡದ ಕೀಳಬಾರದು."

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ನಾನು ಹೇಳಲಾರೆ. ಆದರೆ ಆ ಟೈಮ್‌ಟೇಬಲ್ಲನ್ನು ನೋಡುವುದು ಹೇಗೆಂದು ಹೇಳಬಲ್ಲೆ.

ಹೈಬರ್ನೇಶನ್ ನಿಲ್ಲಿಸಿದರೆ ಹೋಗುವುದು ಮೂರು ಅನುಕೂಲಗಳು. ಮೊದಲನೆಯದು ಗಾಢನಿದ್ರೆ. ಬ್ಯಾಟರಿ ತೀರಾ ಇಳಿದಾಗ ಎಷ್ಟೋ ಲ್ಯಾಪ್‌ಟಾಪುಗಳು ತಾವಾಗಿಯೇ ಹೈಬರ್ನೇಟ್ ಆಗಿ ಕೆಲಸವನ್ನು ಕಾಪಾಡುತ್ತವೆ. ಆ ರಕ್ಷಣೆಯೂ ಇದರೊಡನೆ ಹೋಗುತ್ತದೆ. ಎರಡನೆಯದು 'ಫಾಸ್ಟ್ ಸ್ಟಾರ್ಟಪ್'. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ, ಯಂತ್ರವನ್ನು ಆರಿಸಿದಾಗ ವಿಂಡೋಸ್ ತನ್ನ ಒಳಗಿನ ತಿರುಳನ್ನಷ್ಟೆ ಈ ಫೈಲಿನಲ್ಲಿ ಬರೆದಿಟ್ಟು, ಮರಳಿ ಹಚ್ಚುವಾಗ ಬೇಗ ಮೇಲೇಳುತ್ತದೆ. ಫೈಲು ಹೋದರೆ ಈ ಚುರುಕೂ ಹೋಗುತ್ತದೆ. ಹಳೆಯ ಬಗೆಯ ತಿರುಗುವ ಡಿಸ್ಕಿದ್ದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಎಸ್‌ಎಸ್‌ಡಿ ಇದ್ದರೆ ಅಷ್ಟಾಗಿ ಗೊತ್ತಾಗದು. ಮೂರನೆಯದು ಮೇಜಿನ ಕಂಪ್ಯೂಟರುಗಳಲ್ಲಿರುವ 'ಹೈಬ್ರಿಡ್ ಸ್ಲೀಪ್'. ಕೋಳಿನಿದ್ದೆಯಲ್ಲಿರುವಾಗಲೇ ಡಿಸ್ಕಿನಲ್ಲಿಯೂ ಒಂದು ನಕಲನ್ನಿಟ್ಟುಕೊಳ್ಳುವ ಉಪಾಯವದು. ಅದಕ್ಕೂ ಈ ಫೈಲೇ ಆಧಾರ.

ಹಾಗಾದರೆ ಯಾರು ನಿಲ್ಲಿಸಬಹುದು? ಕೆಲಸ ಮುಗಿದೊಡನೆ ಎಲ್ಲವನ್ನೂ ಉಳಿಸಿ, ಯಂತ್ರವನ್ನು ಪೂರ್ತಿ ಆರಿಸುವವರು. ಮನೆಯಲ್ಲಿ ಇನ್ವರ್ಟರ್ ಅಥವಾ ಯುಪಿಎಸ್ ಇರುವವರು. ಡಿಸ್ಕು ಚಿಕ್ಕದಾಗಿ ರ್‍ಯಾಮ್ ದೊಡ್ಡದಾಗಿರುವವರು. ಹಚ್ಚುವಾಗ ಕೆಲವು ಕ್ಷಣ ಹೆಚ್ಚು ಕಾಯಲು ಬೇಸರಿಸದವರು. ಯಾರು ನಿಲ್ಲಿಸಬಾರದು? ಮುಚ್ಚಳ ಮುಚ್ಚಿ ಎದ್ದುಹೋಗುವ ಅಭ್ಯಾಸದವರು; ಬ್ಯಾಟರಿ ಸೋತ ಲ್ಯಾಪ್‌ಟಾಪಿನವರು; ಹೇಳದೆ ಕೇಳದೆ ಕರೆಂಟು ಹೋಗುವ ಊರಿನವರು; ಹತ್ತು ಕಡತಗಳನ್ನು ತೆರೆದಿಟ್ಟು, ನಾಳೆ ಅಲ್ಲಿಂದಲೇ ಮುಂದುವರಿಸುವವರು. ಹೈಬರ್ನೇಶನ್ ಇದ್ದರೂ ಒಂದು ಮಾತು ನೆನಪಿರಲಿ. ಯಂತ್ರ ಎಚ್ಚರವಾಗಿ ಕೆಲಸ ಮಾಡುತ್ತಿರುವಾಗಲೇ ಕರೆಂಟು ತಟ್ಟನೆ ಹೋದರೆ, ಬ್ಯಾಟರಿಯೂ ಇಲ್ಲದಿದ್ದರೆ, ಅದು ಏನನ್ನೂ ಉಳಿಸಲಾರದು. ಗಂಟು ಕಟ್ಟಲು ಅದಕ್ಕೂ ಅಷ್ಟು ಹೊತ್ತು ಬೇಕು. ಆಗಾಗ್ಗೆ 'ಸೇವ್' ಒತ್ತುವ ಅಭ್ಯಾಸಕ್ಕೆ ಬದಲಿ ಯಾವುದೂ ಇಲ್ಲ.

ನಡುವಿನ ದಾರಿಯೂ ಒಂದುಂಟು. ಗಾಢನಿದ್ರೆ ಬೇಡ, ಬೇಗ ಏಳುವ ಚುರುಕು ಮಾತ್ರ ಬೇಕು ಎನ್ನುವವರು ಫೈಲನ್ನು ಕಿರಿದುಗೊಳಿಸಬಹುದು. ಮೇಲೆ ಹೇಳಿದ ಕಪ್ಪು ಕಿಟಕಿಯಲ್ಲಿಯೇ ಎಚ್ ಅಕ್ಷರದ ತರುವಾಯ ತೆರಪು ಬಿಟ್ಟು, ಇನ್ನೊಂದು ಓರೆಗೆರೆ ಎಳೆದು, ಅದಕ್ಕೆ ಅಂಟಿಸಿ 'ಟೈಪ್' ಎಂದೂ, ಮತ್ತೆ ತೆರಪು ಬಿಟ್ಟು 'ರಿಡ್ಯೂಸ್ಡ್' ಎಂದೂ ಇಂಗ್ಲಿಷಿನಲ್ಲಿ ಬರೆದರೆ, ಮೀಸಲು ನೂರಕ್ಕೆ ೪೦ರಿಂದ ೨೦ಕ್ಕೆ ಇಳಿಯುತ್ತದೆ. ೮ ಜಿಬಿ ರ್‍ಯಾಮಿನವರಿಗೆ ೧.೬ ಜಿಬಿ ಉಳಿಯಿತು.

ಎರಡು ಎಚ್ಚರಿಕೆಗಳು. ಹೈಬರ್ನೇಶನ್ ಫೈಲಿನ ನೆರೆಯಲ್ಲಿ 'ಪೇಜ್‌ಫೈಲ್' ಎಂಬ ಇನ್ನೊಂದು ಗುಪ್ತ ಫೈಲೂ ಇರುತ್ತದೆ. ಅದು ಎಚ್ಚರವಾಗಿರುವ ಯಂತ್ರಕ್ಕೇ ಬೇಕಾದದ್ದು. ಅದರ ಗೊಡವೆಗೆ ಹೋಗಬಾರದು. ಎರಡನೆಯದಾಗಿ, ಹೀಗೆ ದೊರೆಯುವ ಜಾಗ ಒಮ್ಮೆ ಮಾತ್ರ ದೊರೆಯುತ್ತದೆ. ದಿನವೂ ಹತ್ತು ಚಿತ್ರ ಸೇರುತ್ತಿದ್ದರೆ ೮೦೦ ಚಿತ್ರಗಳ ಸ್ಥಳ ಮೂರು ತಿಂಗಳೂ ಬಾರದು. ಇದರೊಡನೆ ಕಸದ ಬುಟ್ಟಿಯಾದ ರೀಸೈಕಲ್ ಬಿನ್ನನ್ನು ಬರಿದುಮಾಡುವುದು, ಡೌನ್‌ಲೋಡ್ಸ್ ಎಂಬಲ್ಲಿ ಬಿದ್ದಿರುವ ಹಳೆಯ ಸರಕನ್ನು ಪರೀಕ್ಷಿಸಿ ತೆಗೆಯುವುದು, ತಾತ್ಕಾಲಿಕ ಫೈಲುಗಳನ್ನು ಗುಡಿಸುವುದು, ಇವೂ ನಡೆಯಬೇಕು. ಮನೆಯ ಚಿತ್ರಗಳಂಥ ಅಮೂಲ್ಯ ವಸ್ತುಗಳಿಗಂತೂ ಲ್ಯಾಪ್‌ಟಾಪಿನ ಪುಟ್ಟ ಡಿಸ್ಕು ಕಾಯಂ ವಸತಿಯಾಗಬಾರದು.

ಕಡೆಗೆ ವಾಡಿಯಲ್ಲಿ ಮಾಡಿದ್ದೂ ಇದನ್ನೇ. ಅಳಿಯನು ಹೊರಗಿನಿಂದ ಜೋಡಿಸುವ ಡಿಸ್ಕುಗಳೆರಡನ್ನು ತಂದನು. ಅವ್ವನ ಚಿತ್ರಗಳ ಒಂದು ಪ್ರತಿ ವಾಡಿಯಲ್ಲಿ, ಇನ್ನೊಂದು ಪ್ರತಿ ನಮ್ಮ ಮನೆಯಲ್ಲಿ. ಒಂದೂರಿನಲ್ಲಿ ಮಾಳಿಗೆ ಕುಸಿದರೂ ಇನ್ನೊಂದೂರಿನಲ್ಲಿ ಉಳಿಯಲಿ ಎಂದು. ಹೀಗೆ ತೆರವಾದ ಲ್ಯಾಪ್‌ಟಾಪಿನಲ್ಲಿ 'ಆನ್' ಎಂಬ ಪದವನ್ನು ಭಾವನವರೇ ತಮ್ಮ ಕೈಯಾರೆ ಟೈಪು ಮಾಡಿದರು. ಮುಚ್ಚಳದ ಏರ್ಪಾಡು ಮೊದಲಿನಂತೆ ಹೈಬರ್ನೇಟಿಗೆ ಹೋಯಿತು. ಅವರ ಲೂಪ್ ಲೈನು ಅವರಿಗೆ ಮರಳಿತು. ಯುಪಿಎಸ್ ಇರುವ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಹೈಬರ್ನೇಶನ್ ನಿಂತೇ ಇದೆ. ನನಗೆ ಅದರಿಂದ ತೊಂದರೆಯಾಗಿಲ್ಲ.

ಸನ್ನತಿಯ ಆ ಕಲ್ಲಿನಲ್ಲಿರುವ ಹದಿನಾಲ್ಕನೆಯ ಶಾಸನದ ತಾತ್ಪರ್ಯವನ್ನು ಆಮೇಲೆ ಓದಿ ನೋಡಿದೆ. ತನ್ನ ಧರ್ಮಲಿಪಿಗಳು ಕೆಲವೆಡೆ ಸಂಕ್ಷೇಪವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಬರೆಯಲ್ಪಟ್ಟಿವೆಯೆಂದೂ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲವೆಂದೂ, ಕೆಲವು ಮಾತುಗಳನ್ನು ಅವುಗಳ ಮಾಧುರ್ಯಕ್ಕಾಗಿ ಮತ್ತೆ ಮತ್ತೆ ಹೇಳಿದೆಯೆಂದೂ ಅಶೋಕನು ಅದರಲ್ಲಿ ತಿಳಿಸುತ್ತಾನೆ. ಅಷ್ಟು ದೊಡ್ಡ ರಾಜ್ಯವನ್ನಾಳಿದವನಿಗೂ ಜಾಗದ ಚಿಂತೆ ತಪ್ಪಿರಲಿಲ್ಲವೆಂದು ನನಗೆ ಸಮಾಧಾನವಾಯಿತು. ಎಲ್ಲ ಮನೆಗೂ ಒಂದೇ ಅಳತೆ ಹೊಂದುವುದಿಲ್ಲವೆಂಬ ಮಾತನ್ನು ಅವನಿಂದ ನಾನು ಮೊದಲೇ ಕಲಿತಿದ್ದರೆ ಭಾವನವರ ಆರು ಪುಟಗಳು ಉಳಿಯುತ್ತಿದ್ದವು.

ಭಾವನವರು ಆ ಪುಟಗಳನ್ನು ಮತ್ತೆ ಬರೆಯುತ್ತಿದ್ದಾರೆ. ಮೊದಲಿನಷ್ಟು ಚೆನ್ನಾಗಿ ಬರುತ್ತಿಲ್ಲವೆಂದು ಅವರ ಅಂಬೋಣ. ಅವ್ವನ ಹತ್ತು ಚಿತ್ರಗಳಂತೂ ಹತ್ತೂ ಹಾಗೆಯೇ ಇವೆ. ಒಂದೇ ಬಗೆಯಾಗಿ ಕಾಣುವ ಅವನ್ನು ಅಕ್ಕ ಸಂಜೆಯ ಹೊತ್ತು ಒಂದಾದ ಮೇಲೊಂದರಂತೆ ನೋಡುತ್ತ ಕುಳಿತಿರುತ್ತಾಳಂತೆ.